ಪಳಗಿದ ಟಯರ್

ನಮ್ಮ ಕಾರು ನೋಡಲು ಪುಟ್ಟದು, ಆಕ್ಸಿಲರೇಟರ್ ಮುಟ್ಟಿದರೆ ಚಿಮ್ಮುತ್ತದೆ. ಅದರ ಟಯರ್‌ಗಳು ಸವೆದಿದ್ದವು. ಸೋಮವಾರ ಮಗಳು ಶಾಂಭವಿ ಮೊದಲ ಸಲ ಒಬ್ಬಳೇ ಅದನ್ನು ಅರಬೈಲ್ ಘಾಟಿ ಇಳಿಸಿ ಕಾರವಾರಕ್ಕೆ ಒಯ್ಯುವವಳಿದ್ದಳು. ಹೊಸ ಟಯರ್ ಬೇಡವೆಂದೆ. ಹೊಸವು ಓಡಿಸುವವರ ಸ್ವಭಾವವನ್ನೇ ಕಲಿತುಬಿಡುತ್ತವೆ, ಇವಳ ಸ್ವಭಾವ ನನಗೆ ಗೊತ್ತು. ಹಾಗಾಗಿ ಬೇರೆಯವರ ಕೈಯಲ್ಲಿ ಪಳಗಿದ್ದನ್ನು ಕೊಳ್ಳಲು ಹುಬ್ಬಳ್ಳಿಯ ದಾವಲ್‌ಸಾಬರ ಅಂಗಡಿಗೆ ಹೋದೆವು.

ವಾಡಿಕೆಯಂತೆ ಅವರು ಒಂದೊಂದೇ ಟಯರನ್ನು ಅಂಗಳದಲ್ಲಿ ಉರುಳಲು ಬಿಟ್ಟು ತೋರಿಸಿದರು. ರ‍್ಯಾಲಿ ಕಾರಿನದು ಗೇಟು ದಾಟಿ ರಸ್ತೆಗೇ ಹಾರಿತು.

"ಅವ್ವಾ, ಇದ ಇರ್ಲಿ!" ಎಂದಳು ಶಾಂಭವಿ.

"ಮೊದ್ಲ ಅದನ್ನ ಹಿಡಕೊಂಡ ಬಾ," ಎಂದೆ.

ಶಾಲಾ ವ್ಯಾನಿನದು ಮೆಲ್ಲಗೆ ಉರುಳಿ ಅವಳ ಮುಂದೆ ನಿಂತಿತು. ಅವಳು ಪಕ್ಕಕ್ಕೆ ಸರಿಯುವವರೆಗೂ ಕದಲಲಿಲ್ಲ.

"ಒಂದ ಕೂಸಿಗೂ ತರಚಿಲ್ರೀ ಅಕ್ಕಾರ," ಎಂದರು ದಾವಲ್‌ಸಾಬ್.

"ನಾಲ್ಕೂ ಗಾಲಿಗೆ ಈ ವ್ಯಾನಿನವನ್ನ ಹಾಕ್ರಿ," ಎಂದೆ.

"ಮಂದಿ ನಗತಾರವ್ವಾ," ಎಂದಳು ಮಗಳು.

"ನಗಲಿ. ನಕ್ಕವ್ರು ಯಾರೂ ಘಾಟಿನಾಗ ನಿನ್ನ ಎತ್ತಾಕ ಬರೂದಿಲ್ಲ."

ಸೋಮವಾರ ಬೆಳಿಗ್ಗೆ ಅವಳು ಹೊರಟಳು. ನಾನು ಆಸ್ಪತ್ರೆಯ ಪಾಳಿಗೆ ಹೋಗಿ, ಫೋನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಬಹಳ ಹೊತ್ತಿನ ಮೇಲೆ ಅದು ಬಡಿದುಕೊಂಡಿತು.

"ಘಾಟಿ ಇಳಿದ್ಯಾ?"

"ಎಲ್ಲೀ ಘಾಟಿ? ಇನ್ನೂ ಹುಬ್ಬಳ್ಳಿನ ದಾಟಿಲ್ಲ, ಕೇಶ್ವಾಪುರದಾಗ ಅದೀನಿ. ಇದು ಮನಿಮನಿ ಮುಂದ ನಿಲ್ಲಾಕತ್ತೈತಿ. ಮೂರು ಸಾಲಿ ಹುಡುಗ್ರು ಹತ್ತಿ ಕುಂತಾವ, ಇಳೀರಿ ಅಂದ್ರ ಇಳೀವಲ್ವು."

ನಾನು ಕುರ್ಚಿ ಎಳೆದುಕೊಂಡು ಕುಳಿತೆ.

"ಬೆಲ್ಟ್ ಹಾಕ್ಸು," ಎಂದೆ.