ಏಣಿ ಇಳಿಯದವನು

“ಅತ್ತಿಗೆ, ಇವನು ಏಣಿ ಇಳಿದ ಅಂತಾನೇ ಇಟ್ಕೊಳ್ಳೋಣ ಬಿಡಿ,” ಎಂದ ಮೈದುನ. ದಾಳ ಉರುಳಿಸುತ್ತ ಕಥೆ ಕಟ್ಟುವ ಆ ಆಟವನ್ನು ನಡೆಸುವವನು ಅವನೇ. ಮೇಜಿನ ಮೇಲಿನ ನಕಾಶೆಯಲ್ಲಿ ಒಂದು ಪಾಳುಬಾವಿ, ಇಳಿಯಲು ಒಂದು ಏಣಿ. ನಿಧಿ ಅದರ ತಳದಲ್ಲಿ. ಅವಳ ಕೈಯಲ್ಲಿ ಹೆಬ್ಬೆರಳುದ್ದದ ಬೊಂಬೆ: ಸೊಂಟದಿಂದ ಮೇಲೆ ಮನುಷ್ಯ, ಕೆಳಗೆ ಕುದುರೆ. ಆಟದಲ್ಲಿ ಅದು ಅವಳ ಗಂಡನ ಪಾತ್ರ. ಅವನು ತೀರಿಕೊಂಡ ಮೇಲೆ ಅದನ್ನು ಅವಳೇ ಆಡಿಸುತ್ತಿದ್ದಳು.

“ನಿಮ್ಮಣ್ಣ ಒಪ್ತಿದ್ರಾ?” ಎಂದಳು.

ಎಲ್ಲಿ ಒಪ್ಪುತ್ತಿದ್ದ? ಕುದುರೆ ಏಣಿ ಇಳಿಯುವುದುಂಟೇ ಎಂದು ತಾನೇ ತಕರಾರು ತೆಗೆದು, ಹಗ್ಗ, ರಾಟೆ, ಹೊಟ್ಟೆಗೆ ಕಟ್ಟುವ ಪಟ್ಟಿ ಎಂದು ಸಂಜೆಯೆಲ್ಲ ಎಲ್ಲರ ತಲೆ ತಿನ್ನುತ್ತಿದ್ದ. “ಒಂದ್ಸಲ ಇವನನ್ನ ಇಳಿಸೋಷ್ಟರಲ್ಲಿ ಕೆಳಗಿದ್ದ ರಾಕ್ಷಸನೇ ನಿದ್ದೆ ಹೋಗಿದ್ದ,” ಎಂದು ನಕ್ಕ ಜೊತೆಗೆ ಆಡುತ್ತಿದ್ದ ಗಂಡನ ಗೆಳೆಯ ಡುಮ್ಮ. “ಇವತ್ತೂ ಹಗ್ಗ ಹಿಡೀತೀವಿ, ಹೇಳಿ.”

ಇಷ್ಟು ತಿಂಗಳು ಆ ಹಗ್ಗವನ್ನು ಒಬ್ಬಳೇ ಹಿಡಿದು ನಿಂತವಳಂತೆ ಅವಳ ತೋಳುಗಳು ಸೋತಿದ್ದವು. ಬೊಂಬೆಯನ್ನು ಬಾವಿಕಟ್ಟೆಯ ಪಕ್ಕ ನಿಲ್ಲಿಸಿ, ನಿಧಾನವಾಗಿ ಬೆರಳು ಬಿಟ್ಟಳು. “ಅವರು ಮೇಲೇ ಇರಲಿ. ನೀವು ಇಳೀರಿ.”

“ಮತ್ತೆ ನೀವು, ಅತ್ತಿಗೆ?” ಮೈದುನನ ದನಿ ಸಣ್ಣದಾಯಿತು.

“ನಾನೂ ಇಳೀತೀನಿ,” ಎಂದಳು. “ಎರಡೇ ಕಾಲಿರೋ ಬೊಂಬೆ ಯಾವುದಾದ್ರೂ ಕೊಡಪ್ಪ.”