ಮಂದಾಕಿನಿ ಓದಿದ ಕಥಾಸಾರ

ಧಾರವಾಡದ ಒಪೆರಾ ಮಂದಿರದಲ್ಲಿ ಹಾಡುವವರೆಲ್ಲ ಯಂತ್ರಗಳು. ಹೊಸ ಪ್ರೇಕ್ಷಕರಿಗೆ ಇಟಾಲಿಯನ್ ಕತೆ ತಿಳಿಯಲೆಂದು ಕನ್ನಡದಲ್ಲಿ ಕಥಾಸಾರ ಬರೆದುಕೊಡುವ ವೇಣೂಬಾಯಿ ಮತ್ತು ಮ್ಯಾನೇಜರು ಮಾತ್ರ ಮನುಷ್ಯರು. ಒಂದು ಸಂಜೆ, ಪರದೆ ಏಳುವ ಮೊದಲು, ನಾಯಕಿ ಮಂದಾಕಿನಿ ಆ ಪುಸ್ತಿಕೆ ಹಿಡಿದು ಅವರ ಬಳಿ ಬಂದಳು.

“ಬಾಯಾರ, ‘ಮೋಸಗಾರನಿಗಾಗಿ ವಿಷ ಕುಡಿಯುತ್ತಾಳೆ’ ಅಂತ ಬರದೀರಲ್ರೀ, ನಾ ಅಷ್ಟು ಪೆದ್ದಿ ಏನ್ರೀ?”

“ಹನ್ನೆರಡು ವರ್ಷದಿಂದ ಕುಡೀಲಿಕ್ಕತ್ತೀಯಲ್ಲವಾ!”

“ಇಟಾಲಿಯನ್‌ದಾಗ ಹಾಡ್ತಿದ್ದೆ. ಅರ್ಥ ಯಾರಿಗ್ಗೊತ್ತಿತ್ರೀ? ಇವತ್ತ ಓದಿದೆ.”

ಆ ದಿನ ಮಂದಾಕಿನಿ ವಿಷದ ಹಾಡನ್ನು ಸೊಗಸಾಗಿ ಹಾಡಿ ಮುಗಿಸಿ, ಬಟ್ಟಲನ್ನು ಹೂಕುಂಡಕ್ಕೆ ಸುರಿದು ಹೊರಟೇಬಿಟ್ಟಳು. ಹೊಸಬರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹಳೆಯ ರಸಿಕರು ಪುಟ ತಪ್ಪಿತೇ ಎಂದು ಪುಸ್ತಿಕೆಯಲ್ಲಿ ಹುಡುಕಿದರು.

ಮ್ಯಾನೇಜರು ಓಡಿಬಂದರು. “ಕತಿಗೂ ಆಟಕ್ಕೂ ತಾಳ ಇಲ್ಲ! ನಾಳೆ ಈಕಿನ್ನ ಬಿಚ್ಚಿಸಿ ಬ್ಯಾರೆ ಯಂತ್ರ ತರಸ್ತೀನಿ.”

“ಬಿಚ್ಚಬ್ಯಾಡ್ರಿ. ತಪ್ಪಿದ್ದು ನನ್ನ ಕಥಾಸಾರ,” ಎಂದ ವೇಣೂಬಾಯಿ ಅಲ್ಲೇ ಕೂತು ಕೊನೆಯ ಸಾಲು ತಿದ್ದಿದರು: ‘ಕುಡಿಯುವುದು, ಬಿಡುವುದು ಅವಳ ಇಷ್ಟ.’

ಮರುದಿನ ಮಂದಿರ ಕಿಕ್ಕಿರಿದಿತ್ತು. ಕತೆಯ ಕೊನೆ ಗೊತ್ತೇ ಇದೆಯೆಂದು ಎಂದೂ ಆಟ ನೋಡದಿದ್ದ ವೇಣೂಬಾಯಿಯೂ ಎರಡನೆಯ ಸಾಲಿನಲ್ಲಿ ಸೆರಗಿನ ತುದಿ ಬಿಗಿಹಿಡಿದು ಕೂತಿದ್ದರು. ಮಂದಾಕಿನಿ ಬಟ್ಟಲನ್ನು ತುಟಿಯ ಹತ್ತಿರ ಒಯ್ದಾಗ “ಬ್ಯಾಡವಾ!” ಎಂದು ಎಲ್ಲರಿಗಿಂತ ಮೊದಲು ಕೂಗಿದವರು ಅವರೇ.