ಅಳಿಸುವ ಅನುಮತಿ

ಕಿರಿಸೊಸೆ ತನ್ನ ಸೀಮಂತದ ಫೋಟೋಗಳನ್ನೆಲ್ಲ ಮನೆಯವರು ನೋಡಲೆಂದು ಕ್ಲೌಡ್‌ಗೆ ಏರಿಸಿದ್ದಳು. ದಿನಕ್ಕೊಂದಿಷ್ಟು ಫೋಟೋಗಳು ಮಾಯವಾಗತೊಡಗಿದವು.

“ಇದು ಆ ದೊಡ್ಡವಳದೇ ಕೆಲಸ. ಹೊಟ್ಟೆಕಿಚ್ಚು!” ಅತ್ತೆ ಅಡುಗೆಮನೆಗೆ ಕೇಳಿಸುವಂತೆಯೇ ಹೇಳಿದರು. ಒಳಗೆ ಹಿರಿಸೊಸೆ ಪಾತ್ರೆ ಕುಕ್ಕಿದಳು.

ಜಗಳ ಬೆಳೆಯುವ ಮೊದಲೇ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಕಿರಿಸೊಸೆ ಲ್ಯಾಪ್‌ಟಾಪ್ ತೆರೆದು, ಕ್ಲೌಡ್ ಕಂಪನಿ ಕೊಡುವ ಸಿದ್ಧ ಕೋಡ್‌ಗಳ ಲೈಬ್ರರಿ ಬಳಸಿ, ಯಾರಿಗೆ ಯಾವ ಅನುಮತಿ ಎಂಬ ಹೊಸ ಪಾಲಿಸಿ ಬರೆದಳು. ಫೋಟೋಗಳನ್ನು ಎಲ್ಲರೂ ನೋಡಬಹುದು, ತನ್ನ ಹೊರತು ಯಾರೂ ಅಳಿಸುವಂತಿಲ್ಲ.

“ಇನ್ಮೇಲೆ ನನ್ನ ಬಿಟ್ಟು ಯಾರ ಕೈಲೂ ಅಳಿಸೋಕಾಗಲ್ಲ, ಅತ್ತೆ.”

“ಒಳ್ಳೇ ಕೆಲಸ ಮಾಡ್ದೆ. ಕಳ್ಳಿ ತಾನಾಗೇ ಸಿಕ್ಕಿಬೀಳ್ತಾಳೆ, ನೋಡ್ತಿರು!”

ಸಂಜೆ ಅತ್ತೆ ಮೊಬೈಲ್ ಹಿಡಿದು, ಮುಖ ಗಂಟಿಕ್ಕಿಕೊಂಡು ಬಂದರು.

“ಅದೇನು ಬರೆದಿಟ್ಟಿದ್ದೀಯೇ? ನಾನು ದಪ್ಪ ಕಾಣೋ ಫೋಟೋಗಳು ಇವತ್ತು ಅಳಿಸೋಕೇ ಬರ್ತಿಲ್ಲ!”